ಅಭಿಷಿಕ್ತನೂ ಆರಾಧನೆಯೂ

ದೇವರು ಒಬ್ಬನೇ ಎಂಬ ಅರಿಕೆಯನ್ನು ಭಕ್ತನಾದ ಯೆಹೂದ್ಯನು ಬೆಳಿಗ್ಗೆಯೂ ಸಾಯಂಕಾಲವೂ ಉಚ್ಚರಿಸುವನು. ಸಾಯುವಾಗಲೂ ಅದೇ ತನ್ನ ಕಡೇ ಮಾತಾಗಬೇಕೆಂದು ಕೋರುವನು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿರುವ ಈ ಅರಿಕೆಯನ್ನೇ ಯೇಸುವೂ ಆಜ್ಞೆಗಳಲ್ಲಿ ಮೊದಲನೆಯದೆಂದು ಶಾಸ್ತ್ರಿಯೊಬ್ಬನಿಗೆ ಹೇಳಿದನೆಂಬದು ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಕಾಣುತ್ತದೆ. ಹೀಗಿರುವಲ್ಲಿ ಆ ಯೇಸುವನ್ನೇ ಆರಾಧಿಸುವದು ಹೇಗೆ ಯುಕ್ತವೆಂದು ಯೆಹೂದ್ಯನು ಕೇಳಿದರೆ, ಅದನ್ನು ಹಗೆಯ ಮಾತೆಂದು ನಾವು ಎಣಿಸಬಾರದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಮಕ್ಕಳಿಗೆ ಸತ್ಯವೇದವನ್ನು ಕಲಿಸುತ್ತಿರುವದರಿಂದ ಇದನ್ನು ಇಲ್ಲಿ ಸ್ವಲ್ಪ ವಿಚಾರಿಸುತ್ತೇವೆ.

ಯೇಸು ಮೆಸ್ಸೀಯನು, ಆದಕಾರಣ ಆರಾಧ್ಯನು, ಎಂದು ಉತ್ತರ ಕೊಡುವವರುಂಟು. ಈ ‘ಆದಕಾರಣ’ವು ನಿಲ್ಲಲಾರದು. ಇಬ್ರಿಯರ ಮೆಸ್ಸೀಯನೆಂಬ ಶಬ್ದಕ್ಕೂ ಗ್ರೀಕರ ಕ್ರಿಸ್ತನೆಂಬ ಶಬ್ದಕ್ಕೂ ಅಭಿಷಿಕ್ತನೆಂದೇ ಅರ್ಥ. ಸೌಲನು ಅಭಿಷಿಕ್ತನು, ದಾವೀದನು ಅಭಿಷಿಕ್ತನು. ಯೆಶಾಯನ ಗ್ರಂಥದ 45ನೆಯ ಅಧ್ಯಾಯದಲ್ಲಿ ಪಾರಸಿಯ ಅರಸನಾದ ಕೋರೆಷನಿಗೂ ಇದೇ ಬಿರುದು ಸಲ್ಲುತ್ತದೆ. ಆ ಬಿರುದಿನ ಬಲದಿಂದ ಅವರಲ್ಲಿ ಒಬ್ಬನಾದರೂ ಆರಾಧ್ಯನಾಗಲಿಲ್ಲ. ಕ್ರಿ. ಶ. 132ರಿಂದ 135ರ ವರೆಗೆ ರೋಮಾಯರೊಡನೆ ಹೋರಾಡಿದ ಬಾರ್ ಕೊಖ್ಬನನ್ನು ರಬ್ಬಿ ಅಕೀಬನು ಮೆಸ್ಸೀಯನೆಂದು ಅಂಗೀಕರಿಸಿದನೆಂಬದು ಯೆಹೂದ್ಯರ ಪರಂಪರೆ. ಅವನಿಗೂ ಪೂಜೆ ನಡೆಯಲಿಲ್ಲ. 12ನೆಯ ಶತಮಾನದ ಮೈಮೊನಿಡೀಸನು ಎದುರುನೋಡಿದ ಮೆಸ್ಸೀಯನಾದರೋ ದಾವೀದನ ವಂಶದ ಒಬ್ಬ ಅರಸನು, ಮನುಷ್ಯಮಾತ್ರದವನು.

ಅಡ್ಡಬೀಳುವದೆಂಬ ಮಾತಿನಲ್ಲಿಯೂ ಎಚ್ಚರಿಕೆ ಬೇಕು. ಕನ್ನಡದಲ್ಲಿ ಹಿರಿಯರಿಗೂ ಅಡ್ಡಬೀಳುತ್ತೇವೆ, ದೇವರಿಗೂ ಅಡ್ಡಬೀಳುತ್ತೇವೆ. ಇಬ್ರಿಯ ಭಾಷೆಯಲ್ಲಿಯೂ ಹಾಗೆಯೇ. ಪೂರ್ವಕಾಲವೃತ್ತಾಂತದ ಪ್ರಥಮ ಭಾಗದ ಕಡೇ ಅಧ್ಯಾಯದಲ್ಲಿ ಜನರು ಯೆಹೋವನಿಗೂ ಅರಸನಿಗೂ ಅಡ್ಡಬಿದ್ದದ್ದು ಒಂದೇ ಕ್ರಿಯಾಪದದಲ್ಲಿ ಹೇಳಲ್ಪಟ್ಟಿದೆ. ಯಜ್ಞವು ಮಾತ್ರ ಯೆಹೋವನಿಗೆ. ಆದುದರಿಂದ ಸುವಾರ್ತೆಗಳಲ್ಲಿ ಯಾವನೋ ಯೇಸುವಿನ ಮುಂದೆ ಮೊಣಕಾಲೂರಿದ ಮಾತ್ರಕ್ಕೆ ವಾದವು ತೀರಲಿಲ್ಲ.

ಗಟ್ಟಿಯಾದ ನೆಲವು ಬೇರೆ ಕಡೆಯಲ್ಲಿದೆ. ಸುಮಾರು 55ರಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೆಯ ಅಧ್ಯಾಯವನ್ನು ಓದಿರಿ. ವಿಗ್ರಹಗಳಿಗೆ ಅರ್ಪಿಸಿದ ಪದಾರ್ಥವನ್ನು ತಿನ್ನಬಹುದೋ ಎಂಬ ಪ್ರಸಂಗವದು. ಬಹುದೇವತೆಗಳನ್ನು ಅವನು ಅಲ್ಲಿ ಸುತರಾಂ ಒಪ್ಪುವದಿಲ್ಲ. ಆ ಬಾಯಿಂದಲೇ ಯೆಹೂದ್ಯರ ನಿತ್ಯದ ಅರಿಕೆಯಲ್ಲಿರುವ ಎರಡು ಶಬ್ದಗಳನ್ನು ಎತ್ತಿಕೊಂಡು, ‘ದೇವರು’ ಎಂಬದನ್ನು ತಂದೆಗೂ ‘ಕರ್ತನು’ ಎಂಬದನ್ನು ಯೇಸುವಿಗೂ ಹೇಳುತ್ತಾನೆ. ಸಮಸ್ತವೂ ಯೇಸುವಿನ ಮೂಲಕ ಉಂಟಾಯಿತೆಂದೂ ಕೂಡಿಸುತ್ತಾನೆ. ಸೃಷ್ಟಿಸುವದು ದೇವರೊಬ್ಬನ ಕೆಲಸವೆಂದು ನಂಬಿದ ಪರಿಸಾಯನು ಇದನ್ನು ಅರಿಯದೆ ಬರೆದಿರಲಾರನು. ಅದೇ ಪತ್ರಿಕೆಯ ಕೊನೆಯಲ್ಲಿ, ನಮ್ಮ ಕರ್ತನು ಬರಲಿ ಎಂಬ ಅರ್ಥದ ‘ಮಾರನಾಥ’ ಎಂಬ ಅರಾಮ್ಯ ಪ್ರಾರ್ಥನೆಯಿದೆ. ಗ್ರೀಕ್ ಮಾತಾಡುವ ಕೊರಿಂಥಕ್ಕೆ ಅರಾಮ್ಯ ಪ್ರಾರ್ಥನೆ ಬಂದದ್ದು ಪಲೆಸ್ತೀನದ ಯೆಹೂದ್ಯ ಶಿಷ್ಯರಿಂದಲೇ ಇರಬೇಕು. ಯೇಸುವಿನ ಆರಾಧನೆಯನ್ನು 325ರ ನಿಕಾಯದ ಮಹಾಸಭೆಯು ಹುಟ್ಟಿಸಿತೆಂಬ ಮಾತು ಹೀಗೆ ಬಿದ್ದುಹೋಗುತ್ತದೆ. ಪ್ರಕಟನೆಯ ಗ್ರಂಥದಲ್ಲಂತೂ ದೇವದೂತನು ತನಗೆ ಅಡ್ಡಬಿದ್ದ ಯೋಹಾನನನ್ನು ತಡೆದು ದೇವರನ್ನೇ ಆರಾಧಿಸೆಂದು ಗದರಿಸುತ್ತಾನೆ. ಆದರೆ 5ನೆಯ ಅಧ್ಯಾಯದಲ್ಲಿ ಸಿಂಹಾಸನದ ಮೇಲೆ ಕೂತವನಿಗೂ ಕುರಿಮರಿಗೂ ಸರ್ವಸೃಷ್ಟಿಯೂ ಕೂಡಿ ಸ್ತೋತ್ರ ಮಾಡುವಾಗ ತಡೆಯುವವನಿಲ್ಲ. ಆ ಲೇಖಕನು ಏಕದೇವಭಕ್ತಿಯಲ್ಲಿ ಸಡಿಲನಾಗಿದ್ದನೆಂದು ಯಾರೂ ಹೇಳಲಾರರು.

ಯೇಸುವನ್ನು ತಂದೆಯ ಪಕ್ಕದಲ್ಲಿ ಎರಡನೆಯ ದೇವರಾಗಿ ಎಣಿಸಿದರೆ ಆ ಆರಾಧನೆಯು ಇಸ್ರಾಯೇಲ್ಯರ ಅರಿಕೆಗೆ ವಿರೋಧವೇ. ಒಬ್ಬನೇ ದೇವರ ಹೆಸರೊಳಗೇ ಆತನನ್ನು ಕರೆಯುವದಾದರೆ, ಮೊದಲನೆಯ ಯೆಹೂದ್ಯ ಶಿಷ್ಯರಿಗೆ ವಿರೋಧವು ಕಾಣಲಿಲ್ಲ, ನಮಗೂ ಕಾಣುವದಿಲ್ಲ. ಪರಲೋಕದಲ್ಲಿ ಎರಡು ಅಧಿಕಾರಗಳುಂಟೆಂಬವರನ್ನು ಖಂಡಿಸಿದ ರಬ್ಬಿಗಳಿಗಾದರೋ ಇದು ಒಪ್ಪಿಗೆಯಾಗಲಿಲ್ಲ. ದೇವರಿಗೆ ದೇಹವಿಲ್ಲವೆಂದು ಮೈಮೊನಿಡೀಸನು ಮತದ ಮೂಲತತ್ವಗಳಲ್ಲಿಯೇ ಸೇರಿಸಿದನು. ಮನುಷ್ಯನಾಗಿ ಹುಟ್ಟಿದವನ ವಿಷಯದಲ್ಲಿ ಇದು ಹಗುರವಾದ ಆಕ್ಷೇಪಣೆಯಲ್ಲ.

2000ನೆಯ ಇಸವಿಯಲ್ಲಿ ಅಮೆರಿಕದ ಅನೇಕ ರಬ್ಬಿಗಳೂ ಯೆಹೂದ್ಯ ಪಂಡಿತರೂ ‘ದಬ್ರು ಎಮೆತ್’, ಅಂದರೆ ಸತ್ಯವನ್ನಾಡಿರಿ, ಎಂಬ ಹೇಳಿಕೆಯನ್ನು ಪ್ರಕಟಿಸಿದರು. ಕ್ರೈಸ್ತರ ಆರಾಧನೆಯು ಯೆಹೂದ್ಯರಿಗೆ ತಕ್ಕದ್ದಲ್ಲವೆಂದೂ, ಆದರೂ ಅದರ ಮೂಲಕ ಕ್ರೈಸ್ತರು ಇಸ್ರಾಯೇಲಿನ ದೇವರನ್ನೇ ಸೇವಿಸುತ್ತಾರೆಂದೂ ಅದರಲ್ಲಿ ಹೇಳಿದರು. ಇದಕ್ಕೆ ಸಮ್ಮತಿಸದ ಯೆಹೂದ್ಯ ಪಂಡಿತರೂ ಇದ್ದಾರೆ; ಅವರಲ್ಲಿ ಕೆಲವರು ತಮ್ಮ ಕಾರಣಗಳನ್ನು ಬರೆದು ಪ್ರಕಟಿಸಿಯೂ ಇದ್ದಾರೆ.