ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಏಳನೇ ಕ್ಲಾಸಿನಿಂದಲೇ ತಯಾರಿ

ಪೀಠಿಕೆ

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇವೆ. ಆ ಗಾದೆ ಓದಿಗೂ ಹೊಂದುತ್ತದೆ. ನಮ್ಮ ಶಾಲೆಯಲ್ಲಿ "ಮುಂದೆ ಏನಾಗ್ತೀರಿ?" ಅಂತ ಯಾರು ಕೇಳಿದರೂ ಬಹಳ ಹುಡುಗಿಯರು "ನರ್ಸ್ ಆಗ್ತೀವಿ" ಅಂತಾರೆ. ಆದರೆ ಅದಕ್ಕೆ ಏನು ಓದಬೇಕು, ಯಾವ ಪರೀಕ್ಷೆ ಬರೀಬೇಕು ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ನಮ್ಮ ಅಕ್ಕ ಈಗ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅವಳು ಹತ್ತನೇ ತರಗತಿವರೆಗೆ ನಮ್ಮ ಹಾಗೆ ಕನ್ನಡ ಮಾಧ್ಯಮ. ಸಂಜೆ ಅವಳು ಓದುವಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ನನ್ನದು. "ಸರ್ಕಾರಿ ಸೀಟು ಸಿಕ್ಕಿದ್ರೆ ಓದಿಸ್ತೀನಿ ಕಣವ್ವ, ದುಡ್ಡು ಕೊಟ್ಟು ಸೇರ್ಸೋ ಶಕ್ತಿ ನಂಗಿಲ್ಲ" ಅಂತ ಅಪ್ಪ ಮೊದಲೇ ಹೇಳಿದ್ದಾರೆ. ಬೋರು ಕೊರೆಸಿದ ಸಾಲ ಇನ್ನೂ ತೀರಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಈ ಪರೀಕ್ಷೆ ಅಂದರೆ ಆಟವಲ್ಲ. ಅಕ್ಕನ ಜೊತೆ ಕೂತು ನಾನು ಕಲಿತದ್ದನ್ನು ನಿಮಗೂ ತಿಳಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

1. ಯಾವ ಯಾವ ಓದು ಇದೆ?

ನರ್ಸ್ ಆಗಲು ಮುಖ್ಯವಾಗಿ ಮೂರು ದಾರಿಗಳಿವೆ.

ಎ.ಎನ್.ಎಂ. – 2 ವರ್ಷ. ಇದನ್ನು ಓದಿದವರು ಹಳ್ಳಿಯ ಉಪಕೇಂದ್ರದಲ್ಲಿ ಬಾಣಂತಿಯರನ್ನು, ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಚುಚ್ಚುಮದ್ದು ಹಾಕುತ್ತಾರೆ.

ಜಿ.ಎನ್.ಎಂ. – 3 ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಇದಕ್ಕೆ ಸೇರಬಹುದು.

ಬಿ.ಎಸ್ಸಿ. ನರ್ಸಿಂಗ್ – 4 ವರ್ಷದ ಪದವಿ. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಅಕ್ಕ ಪ್ರವೇಶ ಪರೀಕ್ಷೆ ಬರೆಯುವುದು ಈ ಮೂರನೆಯದಕ್ಕೆ. ನರ್ಸಿಂಗ್ ಹುಡುಗಿಯರಿಗೆ ಮಾತ್ರ ಅಂತ ನಮ್ಮ ಕ್ಲಾಸಿನ ಹುಡುಗರು ನಗುತ್ತಾರೆ. ಅದು ತಪ್ಪು ತಿಳುವಳಿಕೆ. ಜಿ.ಎನ್.ಎಂ. ಮತ್ತು ಬಿ.ಎಸ್ಸಿ. ನರ್ಸಿಂಗನ್ನು ಹುಡುಗರೂ ಓದಬಹುದು.

2. ಪ್ರವೇಶ ಪರೀಕ್ಷೆ ಹೇಗಿರುತ್ತದೆ?

ನಮ್ಮ ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಸಿ.ಇ.ಟಿ. ನಡೆಸುತ್ತಾರೆ. 2025ರಲ್ಲಿ ಅದು ಏಪ್ರಿಲ್ 16 ಮತ್ತು 17ರಂದು ನಡೆಯಿತು. ಇಂಜಿನಿಯರಿಂಗ್ ಸೇರುವವರಂತೆ ಬಿ.ಎಸ್ಸಿ. ನರ್ಸಿಂಗ್ ಸೇರುವವರೂ ಇದನ್ನು ಬರೆಯುತ್ತಾರೆ. ನರ್ಸಿಂಗಿಗೆ ಬೇಕಾದ ವಿಷಯಗಳು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಸರಿಯಾದದ್ದನ್ನು ಆರಿಸಿ, ಓ.ಎಂ.ಆರ್. ಹಾಳೆಯಲ್ಲಿರುವ ಸಣ್ಣ ಸೊನ್ನೆಯನ್ನು ಪೆನ್ನಿನಿಂದ ತುಂಬಬೇಕು. ಆ ಹಾಳೆಯನ್ನು ಯಂತ್ರ ಓದುತ್ತದೆ. ತುಂಬಿದ ಮೇಲೆ ಅಳಿಸಲು ಆಗುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. 80 ನಿಮಿಷ ಅಂದರೆ 80 × 60 = 4800 ಸೆಕೆಂಡು. ಅದನ್ನು 60 ಪ್ರಶ್ನೆಗೆ ಹಂಚಿದರೆ ಒಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಪ್ರಶ್ನೆ ಓದಬೇಕು, ಯೋಚಿಸಬೇಕು, ಸೊನ್ನೆ ತುಂಬಬೇಕು. ಅದಕ್ಕೇ ಅಕ್ಕ ಗಡಿಯಾರ ಎದುರಿಗಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾಳೆ. ಮೊದಲನೇ ಸುತ್ತಿನಲ್ಲಿ ಚೆನ್ನಾಗಿ ಗೊತ್ತಿರುವುದು, ಎರಡನೇ ಸುತ್ತಿನಲ್ಲಿ ಯೋಚಿಸಬೇಕಾದದ್ದು, ಮೂರನೇ ಸುತ್ತಿನಲ್ಲಿ ಉಳಿದದ್ದು. ಸಿ.ಇ.ಟಿ.ಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. (ನೀಟ್ ಪರೀಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ.)

3. ನಕ್ಷತ್ರದ ಗುರುತು

ಅಕ್ಕನ ಒಂದು ಪದ್ಧತಿ ನನಗೆ ಬಹಳ ಇಷ್ಟವಾಯಿತು. ಉತ್ತರ ಗೊತ್ತಿಲ್ಲದೆ ಕತ್ತಲಲ್ಲಿ ಕಲ್ಲು ಎಸೆದಂತೆ ಗುರುತು ಹಾಕಿದ ಪ್ರಶ್ನೆಗೆಲ್ಲ ಅವಳು ಪಕ್ಕದಲ್ಲಿ ನಕ್ಷತ್ರ ಹಾಕುತ್ತಾಳೆ. ಆಮೇಲೆ ನಾನು ಉತ್ತರ ನೋಡಿ ಅಂಕ ಕೊಡುತ್ತೇನೆ. ನಕ್ಷತ್ರ ಇರುವ ಉತ್ತರ ಸರಿಯಾಗಿದ್ದರೂ ಮನೆಯ ಲೆಕ್ಕದಲ್ಲಿ ಅದು ತಪ್ಪೇ.

"ಸರಿಯಾಗಿದೆಯಲ್ಲಕ್ಕ, ಅಂಕ ಯಾಕೆ ಬೇಡ?" ಅಂತ ನಾನು ಕೇಳಿದೆ.

"ಪರೀಕ್ಷೆಯಲ್ಲಿ ಊಹೆ ಮಾಡಿದ್ರೆ ಒಂದು ಅಂಕ ಹೋಗುತ್ತೆ ಅಷ್ಟೆ. ವಾರ್ಡಿನಲ್ಲಿ ಊಹೆ ಮಾಡಿದ್ರೆ ಒಬ್ಬರ ಜೀವಕ್ಕೇ ಕುತ್ತು" ಅಂದಳು.

ನಕ್ಷತ್ರ ಬಿದ್ದ ಪ್ರಶ್ನೆಗಳನ್ನೆಲ್ಲ ಅವಳು ಬೇರೆ ನೋಟ್ ಪುಸ್ತಕಕ್ಕೆ ಬರೆದು, ಆ ಪಾಠವನ್ನು ಮೊದಲಿನಿಂದ ಓದುತ್ತಾಳೆ. ಒಂದು ದಿನ 60ಕ್ಕೆ 41 ಬಂತು, ನಕ್ಷತ್ರ ಕಳೆದರೆ 33. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದದ್ದು 33 ಅನ್ನೇ.

4. ದೊಡ್ಡ ಪದಗಳನ್ನು ಬಿಡಿಸುವುದು

ಕನ್ನಡ ಮಾಧ್ಯಮದವರಿಗೆ ಪಿಯುಸಿಯಲ್ಲಿ ಮೊದಲು ಕಷ್ಟವಾಗುವುದು ಇಂಗ್ಲಿಷ್ ಪದಗಳು. ಅಕ್ಕ ಮೊದಲ ತಿಂಗಳು ರಾತ್ರಿ ಅಳುತ್ತಿದ್ದಳು. ಪಾಠ ಗೊತ್ತಿದ್ದರೂ ಹೆಸರು ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದು ನೋಟ್ ಪುಸ್ತಕದಲ್ಲಿ ಎರಡು ಸಾಲು ಮಾಡಿಕೊಂಡಳು:

ಶ್ವಾಸಕೋಶ – ಲಂಗ್ಸ್
ಮೂತ್ರಪಿಂಡ – ಕಿಡ್ನಿ
ಪಿತ್ತಜನಕಾಂಗ – ಲಿವರ್
ಮೇದೋಜೀರಕ ಗ್ರಂಥಿ – ಪ್ಯಾಂಕ್ರಿಯಾಸ್
ಅಪಧಮನಿ – ಆರ್ಟರಿ (ಹೃದಯದಿಂದ ರಕ್ತ ಒಯ್ಯುವುದು)
ಅಭಿಧಮನಿ – ವೇಯ್ನ್ (ಹೃದಯಕ್ಕೆ ರಕ್ತ ತರುವುದು)

ಹೀಗೆ ಬರೆಯುವಾಗ ಅವಳಿಗೆ ಒಂದು ವಿಷಯ ತಿಳಿಯಿತು. ನಾವು ಕನ್ನಡ ಪಾಠದಲ್ಲಿ "ಪದ ಬಿಡಿಸಿ ಬರೆಯಿರಿ" ಮಾಡುತ್ತೇವಲ್ಲ, ಆ ಪದಗಳನ್ನೂ ಹಾಗೇ ಬಿಡಿಸಬಹುದು. ರಕ್ತಹೀನತೆ ಅಂದರೆ ರಕ್ತ + ಹೀನತೆ. ಇಂಗ್ಲಿಷಿನ ಅನೀಮಿಯ ಪದದಲ್ಲೂ 'ಇಲ್ಲ' ಎಂಬ ಅರ್ಥದ ಒಂದು ತುಂಡು, 'ರಕ್ತ' ಎಂಬ ಅರ್ಥದ ಒಂದು ತುಂಡು ಇದೆ. ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ ಎಂದರ್ಥ. ಹೆಪಟೈಟಿಸ್ ಅಂದರೆ ಪಿತ್ತಜನಕಾಂಗದ ಉರಿಯೂತ. ಟಾನ್ಸಿಲೈಟಿಸ್ ಅಂದರೆ ಗಂಟಲಿನ ಟಾನ್ಸಿಲ್ ಗ್ರಂಥಿಯ ಉರಿಯೂತ. ಒಂದು ತುಂಡು ಕಲಿತರೆ ಹತ್ತು ಪದ ಬರುತ್ತವೆ.

'ಹೈಪೋ' ಅಂದರೆ ಕಡಿಮೆ, 'ಹೈಪರ್' ಅಂದರೆ ಹೆಚ್ಚು. ಹೈಪೋಗ್ಲೈಸೀಮಿಯ ಅಂದರೆ ರಕ್ತದಲ್ಲಿ ಸಕ್ಕರೆ ಕಡಿಮೆಯಾಗುವುದು. ಹೈಪರ್‌ಗ್ಲೈಸೀಮಿಯ ಅಂದರೆ ಹೆಚ್ಚಾಗುವುದು. ಪದದಲ್ಲಿ ಸ್ವಲ್ಪವೇ ವ್ಯತ್ಯಾಸ, ಆದರೆ ಚಿಕಿತ್ಸೆ ಪೂರಾ ಬೇರೆ.

ಇದು ನಮ್ಮ ಮನೆಯಲ್ಲೇ ಗೊತ್ತಾಯಿತು. ಹೋದ ಶ್ರಾವಣದಲ್ಲಿ ನಮ್ಮಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಉಪವಾಸ ಅಂತ ಊಟ ಬಿಟ್ಟಿದ್ದರು. ಸಂಜೆಗೆ ಮೈಯೆಲ್ಲ ಬೆವರು, ಕೈ ನಡುಕ. ಅಕ್ಕ ಸಕ್ಕರೆ ಡಬ್ಬಿ ತೆಗೆದಳು. "ಸಕ್ಕರೆ ಕಾಯ್ಲೆಯವರಿಗೆ ಸಕ್ಕರೆ ಕೊಡ್ತಾರೇನೇ?" ಅಂತ ಅವ್ವ ಗಾಬರಿಯಿಂದ ತಡೆದರು. ಅಕ್ಕ ತಕ್ಷಣ ಉಪಕೇಂದ್ರದ ಸಿಸ್ಟರಿಗೆ ಫೋನ್ ಮಾಡಿದಳು. ಅವರು, "ಎಚ್ಚರ ಇದ್ದಾರಾ? ನುಂಗೋಕೆ ಆಗುತ್ತಾ? ಹಾಗಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಕಾಲು ಗಂಟೆ ಬಿಟ್ಟು ನೋಡಿ. ಆಮೇಲೆ ಊಟ ಕೊಟ್ಟು ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ" ಅಂದರು. ಅಜ್ಜಿ ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡರು. ಅಕ್ಕನಿಗೆ ಉತ್ತರ ಗೊತ್ತಿತ್ತು, ಆದರೂ ಗೊತ್ತಿರುವವರನ್ನು ಕೇಳಿದಳು. ಇದೂ ಒಂದು ಪಾಠ.

5. ಲೆಕ್ಕ ಯಾಕೆ ಬೇಕು?

ನರ್ಸಿಂಗ್ ಸೀಟಿಗೆ ಗಣಿತ ಪತ್ರಿಕೆ ಇಲ್ಲ ಅಂತ ಕೇಳಿ ನನಗೆ ಮೊದಲು ಖುಷಿಯಾಯಿತು. ಆದರೆ ಕೆಲಸದಲ್ಲಿ ದಿನಾ ಲೆಕ್ಕವೇ! ನಮ್ಮ ಪುಸ್ತಕದಲ್ಲಿರುವ ಭಿನ್ನರಾಶಿ, ದಶಮಾಂಶ, ಅನುಪಾತ ಇವೇ ಲೆಕ್ಕಗಳು.

ಉದಾಹರಣೆ 1: ಡಾಕ್ಟರು 250 ಮಿಲಿಗ್ರಾಂ ಔಷಧ ಬರೆದಿದ್ದಾರೆ. ಬಾಟಲಿಯ ಮೇಲೆ "5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ" ಎಂದಿದೆ. ಎಷ್ಟು ಕುಡಿಸಬೇಕು?
250 ÷ 125 = 2. ಆದ್ದರಿಂದ 2 × 5 = 10 ಮಿಲಿಲೀಟರ್.
ಅದೇ ಔಷಧ "5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ" ಇರುವ ಬಾಟಲಿಯಲ್ಲೂ ಬರುತ್ತದೆ. ಆಗ 5 ಮಿಲಿಲೀಟರ್ ಸಾಕು. ಬಾಟಲಿ ಓದದೆ 10 ಕೊಟ್ಟರೆ ಎರಡರಷ್ಟು ಔಷಧ ಹೊಟ್ಟೆಗೆ ಹೋಗುತ್ತದೆ. (ಇದು ಲೆಕ್ಕ ಕಲಿಯಲು ಮಾತ್ರ. ಔಷಧ ಎಷ್ಟು ಎಂದು ಹೇಳಬೇಕಾದವರು ಡಾಕ್ಟರು.)

ಉದಾಹರಣೆ 2: 500 ಮಿಲಿಲೀಟರ್ ಗ್ಲೂಕೋಸ್ ಬಾಟಲಿ 5 ಗಂಟೆಯಲ್ಲಿ ಮುಗಿಯಬೇಕು. ಆ ನಳಿಕೆಯಲ್ಲಿ 20 ಹನಿಗೆ 1 ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು?
ಒಟ್ಟು ಹನಿ: 500 × 20 = 10,000
ಒಟ್ಟು ನಿಮಿಷ: 5 × 60 = 300
10,000 ÷ 300 = 33.3. ಅಂದರೆ ನಿಮಿಷಕ್ಕೆ ಸುಮಾರು 33 ಹನಿ.

"ಹನಿ ಹನಿ ಕೂಡಿದರೆ ಹಳ್ಳ" ಅಂತೀವಿ. ಆಸ್ಪತ್ರೆಯಲ್ಲಿ ಹನಿ ಎಣಿಸುವುದೇ ಒಂದು ವಿದ್ಯೆ.

6. ದೀಪದ ಜೊತೆ ಲೆಕ್ಕದ ಪುಸ್ತಕ

ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ನೀವು ಕೇಳಿದ್ದೀರಿ. ಅವರು ಹುಟ್ಟಿದ್ದು 1820ರ ಮೇ 12ರಂದು. ಆ ದಿನವನ್ನೇ ಅಂತರರಾಷ್ಟ್ರೀಯ ದಾದಿಯರ ದಿನ ಎಂದು ಆಚರಿಸುತ್ತಾರೆ. 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆ ಟರ್ಕಿಯ ಸ್ಕುಟಾರಿಗೆ ಹೋದರು. ರಾತ್ರಿ ದೀಪ ಹಿಡಿದು ರೋಗಿಗಳನ್ನು ನೋಡುತ್ತಿದ್ದರು ಅಂತ ನಾವು ಭಾಷಣದಲ್ಲಿ ಹೇಳುತ್ತೇವೆ. ಆದರೆ ಅವರು ಲೆಕ್ಕದಲ್ಲೂ ಬಹಳ ಜಾಣೆ. ಗಾಯದಿಂದ ಸತ್ತ ಸೈನಿಕರಿಗಿಂತ ರೋಗದಿಂದ ಸತ್ತವರೇ ಹೆಚ್ಚು ಎಂಬುದನ್ನು ಅಂಕಿ ಸಂಖ್ಯೆ ಕೂಡಿಸಿ, ಬಣ್ಣದ ನಕ್ಷೆ ಬರೆದು ಸರ್ಕಾರಕ್ಕೆ ತೋರಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುಮಾಡಿದರು. ಕರುಣೆ ಇದ್ದರೆ ಸಾಲದು, ಕಲಿಯಲೂ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

7. ನಾವು ಈಗಿನಿಂದ ಏನು ಮಾಡಬಹುದು?

ಅ) ವಿಜ್ಞಾನದಲ್ಲಿ ಉಸಿರಾಟ, ಜೀರ್ಣಕ್ರಿಯೆ, ರಕ್ತ ಪರಿಚಲನೆ, ಉಷ್ಣ, ಆಮ್ಲ ಮತ್ತು ಪ್ರತ್ಯಾಮ್ಲ ಪಾಠಗಳನ್ನು ಚಿತ್ರ ಬರೆದು ಕಲಿಯಬೇಕು. ಪಿಯುಸಿಯಲ್ಲಿ ಇವೇ ದೊಡ್ಡದಾಗಿ ಬರುತ್ತವೆ.
ಆ) ದಿನಕ್ಕೆ ಎರಡು ಪದ ಎರಡು ಸಾಲಿನ ಪುಸ್ತಕಕ್ಕೆ ಬರೆಯಬೇಕು. ವರ್ಷಕ್ಕೆ 700 ದಾಟುತ್ತದೆ!
ಇ) ಭಾನುವಾರ ಬಿಟ್ಟು ದಿನಾ ಒಂದು ಅನುಪಾತದ ಲೆಕ್ಕ ಮಾಡಬೇಕು.
ಈ) ಗೊತ್ತಿಲ್ಲದ ಉತ್ತರಕ್ಕೆ ನಕ್ಷತ್ರ ಹಾಕಿ, ಮಾರನೇ ದಿನ ಮೇಷ್ಟ್ರನ್ನು ಕೇಳಬೇಕು. ಕೇಳಲು ನಾಚಿಕೆ ಬೇಡ.

ಉಪಸಂಹಾರ

ಅಕ್ಕನ ಪರೀಕ್ಷೆ ಇನ್ನೂ ಮುಂದಿದೆ. ಸೀಟು ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಅವಳ ಕ್ಯಾಲೆಂಡರಿನಲ್ಲಿ 33 ಇದ್ದದ್ದು ಈಗ 44 ಆಗಿದೆ, ಅದರಲ್ಲಿ ಒಂದೂ ನಕ್ಷತ್ರದ ಅಂಕವಿಲ್ಲ. ನಾವು ಏಳನೇ ತರಗತಿಯವರು ದ್ವಿತೀಯ ಪಿಯುಸಿ ಮುಗಿಸಲು ಇನ್ನೂ ಐದು ವರ್ಷ ಇದೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗದೆ, ಅರ್ಥ ಮಾಡಿಕೊಂಡು ಹೋದರೆ ಆ ಐದು ವರ್ಷವೂ ಪರೀಕ್ಷೆಯ ತಯಾರಿಯೇ. ನರ್ಸ್ ಆಗದಿದ್ದರೂ ಈ ಕಲಿಕೆ ಮನೆಗೆ ಉಪಯೋಗ.

ಅಭ್ಯಾಸ

1. ಹೃದಯ ನಿಮಿಷಕ್ಕೆ 72 ಸಲ ಬಡಿದರೆ ಒಂದು ದಿನಕ್ಕೆ ಎಷ್ಟು ಸಲ?
2. ನಿಮ್ಮ ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ 2ರಿಂದ ಗುಣಿಸಿ. ಮೈದಾನ ಒಂದು ಸುತ್ತು ಓಡಿ ಮತ್ತೆ ಎಣಿಸಿ. ಎಷ್ಟು ಹೆಚ್ಚಾಯಿತು? ಯಾಕೆ?
3. 37 ಡಿಗ್ರಿ ಸೆಲ್ಸಿಯಸ್ ಅಂದರೆ ಎಷ್ಟು ಫ್ಯಾರನ್‌ಹೀಟ್? (9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿ.)
4. 'ಅಪೆಂಡಿಸೈಟಿಸ್' ಪದ ಬಿಡಿಸಿ ಅರ್ಥ ಬರೆಯಿರಿ.

ಉತ್ತರಗಳನ್ನು ಚೀಟಿಯಲ್ಲಿ ಬರೆದು, ಈ ಪತ್ರಿಕೆಯ ಕೆಳಗಿರುವ ಸೀಮೆಸುಣ್ಣದ ಡಬ್ಬಿಗೆ ಶನಿವಾರದೊಳಗೆ ಹಾಕಿ. ಊಹೆ ಮಾಡಿದ್ದರೆ ದಯವಿಟ್ಟು ನಕ್ಷತ್ರ ಹಾಕಿ.

– 7ನೇ ತರಗತಿ ವಿದ್ಯಾರ್ಥಿನಿ