ಲೈಸೆನ್ಸು ಜೇಬಿನಲ್ಲಿದ್ದರೆ ಸಾಲದು: ಉದ್ಯಾನ, ಜಾತ್ರೆ, ಅಭಯಾರಣ್ಯಗಳಲ್ಲಿ ಕೋವಿ–ಪಿಸ್ತೂಲಿನ ಕಾಯಿದೆ



ಈ ಪುಟದಲ್ಲಿ ಕೊಳೆರೋಗ, ಗೊಬ್ಬರ, ಧಾರಣೆಗಳ ವಿಷಯವನ್ನೇ ಹೆಚ್ಚಾಗಿ ಚರ್ಚಿಸುತ್ತ ಬಂದಿದ್ದೇವೆ. ಈ ಸಲದ ಪಾಠ ಬೇರೆ ವಿಷಯದ್ದು. ತೋಟವಿದ್ದಲ್ಲಿ ಕೋವಿಯಿರುವುದು ನಮ್ಮ ಕಡೆಗೆ ಹೊಸದೇನಲ್ಲ. ಬೆಳೆ ಕಾಯಲು ಒಂಟಿ ನಳಿಗೆಯ ಕೋವಿ ಇಟ್ಟವರುಂಟು. ಬಟವಾಡೆಯ ಹಣ ತರುವಾಗ ಧೈರ್ಯಕ್ಕಿರಲೆಂದು ಪಾಯಿಂಟ್ 32 ರಿವಾಲ್ವರ್ ಕೊಂಡವರೂ ಉಂಟು. ಲೈಸೆನ್ಸು ಇರುವುದರಿಂದ ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದೆಂಬ ಭಾವನೆ ನಮ್ಮಲ್ಲಿ ಅನೇಕರಲ್ಲಿ ಬೇರೂರಿದೆ. ಕಾಯಿದೆ ಹಾಗೆ ಹೇಳುವುದಿಲ್ಲ. ಲೈಸೆನ್ಸನ್ನು ಕೊಡುವಾಗಲೇ ಯಾರು, ಎಲ್ಲಿ, ಹೇಗೆ ಎಂಬ ಮೂರು ಕಟ್ಟುಗಳನ್ನು ಹಾಕಿ ಕೊಡಲಾಗಿರುತ್ತದೆ. ಈ ಮೂರರಲ್ಲಿ ಒಂದು ಕಳಚಿದರೂ ಗೌರವಸ್ಥ ತೋಟಗಾರ ಆರೋಪಿಯಾಗಿ ನಿಲ್ಲಬೇಕಾದೀತು.

ವಿಷಯ ಮನಸ್ಸಿಗೆ ಹತ್ತಲೆಂದು ಒಂದು ಪ್ರಯಾಣವನ್ನು ಕಲ್ಪಿಸಿಕೊಳ್ಳೋಣ. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಕಾಫಿ, ಅಡಿಕೆ ತೋಟವಿರುವ ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಬೆಳೆಗಾರ ಕುಟುಂಬಸಮೇತ ಬೀದರ್ ಜಿಲ್ಲೆಯ ಹುಮನಾಬಾದ್ ಮತ್ತು ಬಸವಕಲ್ಯಾಣಗಳಿಗೆ ಯಾತ್ರೆ ಹೊರಟಿದ್ದಾನೆ. ದೂರದ ದಾರಿ, ರಾತ್ರಿಯ ಪಯಣ. ಆದುದರಿಂದ ರಿವಾಲ್ವರನ್ನು ಕಾರಿನಲ್ಲಿಟ್ಟುಕೊಳ್ಳುವ ಯೋಚನೆ ಅವನಿಗೆ ಬಂದಿದೆ.

1. ಮನೆ ಬಿಡುವ ಮೊದಲು

1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಬಂದೂಕನ್ನು ಪಡೆಯುವಂತಿಲ್ಲ, ಹೊಂದುವಂತಿಲ್ಲ, ಒಯ್ಯುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಲೈಸೆನ್ಸು ವ್ಯಕ್ತಿಗೆ ಕೊಟ್ಟದ್ದು, ಕುಟುಂಬಕ್ಕೆ ಕೊಟ್ಟದ್ದಲ್ಲ. ತಂದೆಯ ಹೆಸರಿನ ರಿವಾಲ್ವರನ್ನು ಮಗನಾಗಲಿ ಡ್ರೈವರನಾಗಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವಂತಿಲ್ಲ. ರಿಪೇರಿಗೋ ಲೈಸೆನ್ಸಿನ ನವೀಕರಣಕ್ಕೋ ಬೇರೆಯವರ ಕೈಯಲ್ಲಿ ಕಳಿಸುವುದಾದರೆ ಲೈಸೆನ್ಸುದಾರನ ಲಿಖಿತ ಅಧಿಕಾರಪತ್ರ ಜೊತೆಗಿರಬೇಕು.

ಇನ್ನೊಂದು ಸಂಗತಿ. ಬೆಳೆರಕ್ಷಣೆಗೆಂದು ಈ ಕಾಯಿದೆಯ 13ನೆಯ ಕಲಮು ಹೆಸರಿಸುವುದು ಬಾಯಿಮದ್ದಿನ ಕೋವಿಯನ್ನು. ಆತ್ಮರಕ್ಷಣೆ ಮತ್ತು ಕ್ರೀಡೆಗೆ ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು. ಪಿಸ್ತೂಲು, ರಿವಾಲ್ವರುಗಳ ಮಾತು ಅಲ್ಲಿಲ್ಲ. ಅವನ್ನು ಬೇಡುವವನು ತನ್ನ ಅಗತ್ಯವನ್ನು ಬೇರೆಯಾಗಿಯೇ ತೋರಿಸಬೇಕು.

2. ಪಟ್ಟಣದ ಉದ್ಯಾನದಲ್ಲಿ

ಹುಮನಾಬಾದ್ ತಲುಪಿ, ದಣಿವಾರಿಸಿಕೊಳ್ಳಲು ನಮ್ಮ ಬೆಳೆಗಾರ ಒಂದು ಉದ್ಯಾನದೊಳಗೆ ಕುಳಿತನೆನ್ನಿ. ಅಲ್ಲಿ ಅವನಿಗೆ ಅನ್ವಯಿಸುವ ಕಾಯಿದೆ ಯಾವುದು?

ಕರ್ನಾಟಕದಲ್ಲಿ ಉದ್ಯಾನಗಳಿಗೆಂದೇ ಕಾಯಿದೆಗಳಿವೆ. ಕಬ್ಬನ್ ಪಾರ್ಕ್, ಲಾಲ್‌ಬಾಗುಗಳ ರಕ್ಷಣೆಗೆ 1975ರ ಕಾಯಿದೆ, ಊರೂರಿನ ಉದ್ಯಾನ, ಆಟದ ಬಯಲುಗಳಿಗೆ 1985ರ ಕಾಯಿದೆ. ಇವುಗಳ ಮುಖ್ಯ ಉದ್ದೇಶ ಉದ್ಯಾನದ ನೆಲ ಪರಭಾರೆಯಾಗದಂತೆ, ಬೇರೆ ಕೆಲಸಕ್ಕೆ ಹೋಗದಂತೆ ಕಾಯುವುದು. ಬಂದೂಕಿನ ಪ್ರಶ್ನೆಗೆ ಉತ್ತರ ಇರುವುದು 2016ರ ಶಸ್ತ್ರಾಸ್ತ್ರ ನಿಯಮಗಳ 32ನೆಯ ನಿಯಮದಲ್ಲಿ. ಉದ್ಯಾನ, ಬಸ್ ನಿಲ್ದಾಣ, ಸಂತೆ ಎಂಬ ಭೇದವಿಲ್ಲದೆ ಎಲ್ಲ ಸಾರ್ವಜನಿಕ ಸ್ಥಳಗಳಿಗೂ ಅದು ಸಲ್ಲುತ್ತದೆ.

ಆ ನಿಯಮದ ಸಾರ ಹೀಗಿದೆ: ಪಿಸ್ತೂಲು, ರಿವಾಲ್ವರುಗಳು ಮೈಗೆ ಕಟ್ಟಿದ ಒರೆಯಲ್ಲಿ ಅಥವಾ ಬೆನ್ನಚೀಲದಂಥ ಚೀಲದಲ್ಲಿರಬೇಕು. ಉದ್ದ ಕೋವಿಗೆ ಅದಕ್ಕೆ ತಕ್ಕ ಗವಸು ಬೇಕು. ಆಯುಧ ಪೂರ್ತಿಯಾಗಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಹೊರಗೆ ತೆಗೆದು ಝಳಪಿಸುವುದಕ್ಕೂ ಗುಂಡು ಹಾರಿಸುವುದಕ್ಕೂ ಕಡ್ಡಾಯ ನಿಷೇಧ. ತಪ್ಪಿದರೆ ಲೈಸೆನ್ಸು ಅಮಾನತ್ತಾಗಬಹುದು ಅಥವಾ ರದ್ದಾಗಬಹುದು. ಕಾರಿನ ಡಬ್ಬದಲ್ಲಿ ರಿವಾಲ್ವರ್ ಬಿಟ್ಟು ಉದ್ಯಾನದಲ್ಲಿ ತಿರುಗುವುದೂ ಕ್ಷೇಮವಲ್ಲ. ಹಾಗೆ ಬಿಟ್ಟುಹೋದ ಆಯುಧ ನಮ್ಮ ಹತೋಟಿಯಲ್ಲಿತ್ತೆಂದು ಹೇಳುವುದು ಕಷ್ಟ.

ನಮ್ಮ ಮಕ್ಕಳಲ್ಲಿ ಕೆಲವರು ಅಮೆರಿಕದಲ್ಲಿದ್ದು, ಅಲ್ಲಿಯ ಮಾತನ್ನು ಇಲ್ಲಿ ಆಡುವುದುಂಟು. ಅಲ್ಲಿ ಆಯುಧ ಹೊಂದುವುದು ಸಂವಿಧಾನ ಕೊಟ್ಟ ಹಕ್ಕು. 2010ರ ಫೆಬ್ರುವರಿಯಿಂದ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಆಯಾ ಸಂಸ್ಥಾನದ ಕಾನೂನಿಗೆ ಒಳಪಟ್ಟು ಬಂದೂಕು ಒಯ್ಯಬಹುದಾಗಿದೆ. ನಮ್ಮ ದೇಶದಲ್ಲಿ ಅದು ಸರಕಾರ ಷರತ್ತಿನ ಮೇಲೆ ಕೊಡುವ ಅಪ್ಪಣೆ. ಆ ನ್ಯಾಯವನ್ನು ಇಲ್ಲಿಗೆ ತಂದು ವಾದಿಸಿದರೆ ಠಾಣೆಯಲ್ಲಿ ನಡೆಯದು.

3. ಜಾತ್ರೆಯಲ್ಲಿ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸನ್ನಿಧಿಯ ದತ್ತ ಜಯಂತಿ, ಬಸವಕಲ್ಯಾಣದ ಬಸವ ಜಯಂತಿ, ಇವೆಲ್ಲ ಜನಸಾಗರ ಸೇರುವ ಸಂದರ್ಭಗಳು. ಇಲ್ಲಿ ಮುಚ್ಚಿಟ್ಟುಕೊಂಡು ಹೋಗುತ್ತೇನೆಂದರೂ ಸಾಲದು. ಜಿಲ್ಲಾ ಮ್ಯಾಜಿಸ್ಟ್ರೇಟರ ವಿಶೇಷ ಅಪ್ಪಣೆಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ವಿದ್ಯಾಸಂಸ್ಥೆಯ ಆವರಣಗಳಿಗೆ ಆಯುಧ ತರಕೂಡದೆಂಬುದು ಲೈಸೆನ್ಸಿನ ಷರತ್ತುಗಳಲ್ಲೇ ಒಂದು. ಪುಸ್ತಕದ ಕೊನೆಯ ಪುಟಗಳ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ನಮಗಿರುವುದಿಲ್ಲ, ಅಷ್ಟೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ, ಕೃಷಿಮೇಳಕ್ಕೆ ಹೋಗುವ ಸದಸ್ಯರೂ ಇದನ್ನು ಗಮನಿಸಬೇಕು.

ಮದುವೆ ದಿಬ್ಬಣದಲ್ಲಿ, ಉತ್ಸವದಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

4. ಗಡಿಯಲ್ಲಿ

ಹುಮನಾಬಾದ್ ಎರಡು ಹೆದ್ದಾರಿಗಳು ಕೂಡುವ ಊರು. ಚಿತ್ರದುರ್ಗ, ವಿಜಯಪುರ, ಕಲಬುರಗಿ ದಾರಿಯಾಗಿ ಬರುವ 50ನೆಯ ಹೆದ್ದಾರಿ ಬೀದರಿಗೆ ಹೋಗುತ್ತದೆ. 65ನೆಯ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ತೆಲಂಗಾಣದ ಜಹೀರಾಬಾದ್ ಮೂಲಕ ಹೈದರಾಬಾದು. ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣದ ತಿರುವು ದಾಟಿ ಮಹಾರಾಷ್ಟ್ರದ ಉಮರ್ಗಾ, ಮುಂದೆ ಸೊಲ್ಲಾಪುರ. ಊಟಕ್ಕೊಂದು ಹೋಟೆಲು ಹುಡುಕುತ್ತ ಹೋದವನು ಅರಿವಿಲ್ಲದೆ ಇನ್ನೊಂದು ರಾಜ್ಯದಲ್ಲಿರುತ್ತಾನೆ.

ಆದರೆ ಲೈಸೆನ್ಸಿಗೆ ಗಡಿಯ ಅರಿವಿದೆ! ಅದರ ವ್ಯಾಪ್ತಿ ಒಂದು ಜಿಲ್ಲೆಯೋ, ಕರ್ನಾಟಕವೋ, ಇಡೀ ಭಾರತವೋ ಎಂಬುದು ಪುಸ್ತಕದಲ್ಲೇ ನಮೂದಾಗಿರುತ್ತದೆ. ಕರ್ನಾಟಕಕ್ಕೆ ಮಾತ್ರ ಸಲ್ಲುವ ಲೈಸೆನ್ಸು ಉಮರ್ಗಾದಲ್ಲಿ ಕಾಗದ ಮಾತ್ರ. ಲೈಸೆನ್ಸಿಲ್ಲದೆ ಬಂದೂಕು ಒಯ್ಯುವುದಕ್ಕೆ ಈಗ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸಜೆ ಮತ್ತು ದಂಡ ಉಂಟು. ಲೈಸೆನ್ಸಿನ ಷರತ್ತು ಮೀರಿದ್ದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ದಂಡ. ಈ ಎರಡರಲ್ಲಿ ಯಾವುದರ ಬಾಯಿಗೆ ಬೀಳುತ್ತೇವೆಂಬುದನ್ನು ಪರೀಕ್ಷಿಸಿ ನೋಡುವ ಗೋಜು ಯಾರಿಗೂ ಬೇಡ.

ಕೊಡಗಿನ ಸದಸ್ಯರಿಗೆ ಇಲ್ಲಿ ವಿಶೇಷ ಸೂಚನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದಿನಿಂದ ಬಂದ ವಿನಾಯಿತಿ ಇಂದಿಗೂ ಊರ್ಜಿತದಲ್ಲಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು; ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಆದರೆ ಜಿಲ್ಲೆಯ ಹೊರಗೆ ವಾಸಿಸುವಾಗ, ಪ್ರಯಾಣಿಸುವಾಗ ವಿನಾಯಿತಿಗೆ ಮಿತಿಯಿದೆ: ಒಂದು ರೈಫಲು ಮತ್ತು ಅದಕ್ಕೆ 100 ಗುಂಡು, ಒಂದು ನುಣುಪು ನಳಿಗೆಯ ಕೋವಿ ಮತ್ತು 500 ಕಾಡತೂಸು. ಈ ಪಟ್ಟಿಯಲ್ಲಿ ಪಿಸ್ತೂಲಿನ ಹೆಸರಿಲ್ಲವೆಂಬುದನ್ನು ನೆನಪಿಡಿ.

5. ಮರಳಿ ಮನೆಯ ಬಳಿ: ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ

ನಮ್ಮ ಬೆಳೆಗಾರ ಊರಿಗೆ ಮರಳಿದ. ಅಪಾಯ ಕಳೆಯಿತೇ? ಇಲ್ಲ. ನಮಗೆ ಅತ್ಯಂತ ಸಮೀಪದ ‘ಉದ್ಯಾನ’ವೆಂದರೆ ಬಂಡೀಪುರ, ನಾಗರಹೊಳೆ, ಕುದುರೆಮುಖಗಳಂಥ ರಾಷ್ಟ್ರೀಯ ಉದ್ಯಾನಗಳು; ಭದ್ರಾ, ಪುಷ್ಪಗಿರಿ, ಬ್ರಹ್ಮಗಿರಿ, ಶರಾವತಿ, ಮೂಕಾಂಬಿಕಾ ಅಭಯಾರಣ್ಯಗಳು. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಸೇರಿಕೊಳ್ಳುತ್ತದೆ.

ಅದರ 31ನೆಯ ಕಲಮು ಚಿಕ್ಕದು, ಸ್ಪಷ್ಟ: ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಪೂರ್ವಾನುಮತಿಯಿಲ್ಲದೆ ಯಾವ ಆಯುಧದೊಂದಿಗೂ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. ಇದು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯ. ಅಭಯಾರಣ್ಯದ ನಡುವಿನ ಹೆದ್ದಾರಿಯಲ್ಲಿ ಹಾದುಹೋಗಲು ಪರವಾನಗಿ ಬೇಡವೆಂದು 27ನೆಯ ಕಲಮು ಹೇಳುವುದು ನಿಜ. ಆಯುಧದ ಕಲಮಿನಲ್ಲಿ ಅಂಥ ರಿಯಾಯಿತಿ ಬರೆದಿಲ್ಲ.

34ನೆಯ ಕಲಮು ಕಾಡಿನಿಂದ ಹೊರಗೂ ಕೈಚಾಚುತ್ತದೆ. ಅಭಯಾರಣ್ಯದ 10 ಕಿಲೋಮೀಟರಿನೊಳಗೆ ವಾಸಿಸುವ ಲೈಸೆನ್ಸುದಾರರು, ವಿನಾಯಿತಿ ಪಡೆದು ಆಯುಧ ಹೊಂದಿದವರು ಸಹ, ತಮ್ಮ ಹೆಸರನ್ನು ನೋಂದಾಯಿಸಬೇಕು. ಆ ಸುತ್ತಳತೆಯಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. 2022ರ ತಿದ್ದುಪಡಿಯಿಂದಾಗಿ ನವೀಕರಣಕ್ಕೂ ಅವರಿಗೆ ಮಾಹಿತಿ ಹೋಗಬೇಕಾಗಿದೆ.

ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಯಾಡಿದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸಜೆ. ಅಪರಾಧಕ್ಕೆ ಬಳಸಿದ ಆಯುಧ, ವಾಹನ ಎರಡೂ ಸರಕಾರದ ಸ್ವತ್ತಾಗುವ ಸಂಭವವಿದೆ. ನ್ಯಾಯಾಲಯ ಬಂದೂಕಿನ ಲೈಸೆನ್ಸನ್ನು ರದ್ದುಮಾಡಿ, ಶಿಕ್ಷೆಯಾದ ದಿನದಿಂದ ಐದು ವರ್ಷ ಇನ್ನೊಂದು ಲೈಸೆನ್ಸು ಸಿಗದಂತೆ ಆಜ್ಞೆ ಮಾಡಬಹುದು. ಜೀಪಿನಲ್ಲಿ ಕೋವಿಯಿಟ್ಟುಕೊಂಡು ಕಾಡಿನೊಳಗೆ ಸಿಕ್ಕಿಬಿದ್ದವನು ತಾನು ಬೇಟೆಗೆ ಬಂದವನಲ್ಲವೆಂದು ಎಷ್ಟು ಹೇಳಿದರೂ ಕೇಳುವವರು ಕಡಿಮೆ. ಜೀಪು ಹೋದರೆ ಕುಯ್ಲಿನ ಕಾಲದಲ್ಲಿ ಆಗುವ ನಷ್ಟವನ್ನು ತೋಟಗಾರರಿಗೆ ವಿವರಿಸಬೇಕಾಗಿಲ್ಲ. ಕೋವಿ ಹೋದರೆ ಮರುವರ್ಷ ಬೆಳೆ ಕಾಯುವ ಪ್ರಶ್ನೆ.

ನೆನಪಿಡಬೇಕಾದ ಅಂಶಗಳು

1. ಲೈಸೆನ್ಸು ಪುಸ್ತಕವನ್ನು ಇಂದೇ ತೆಗೆದು ಮೂರು ಸಂಗತಿ ನೋಡಿ: ಅವಧಿ ಎಂದಿನವರೆಗೆ, ವ್ಯಾಪ್ತಿ ಎಲ್ಲಿಯವರೆಗೆ, ಹಿಂದಿನ ಪುಟದ ಷರತ್ತುಗಳು ಯಾವುವು.

2. ಯಾತ್ರೆ, ಪ್ರವಾಸ, ಮದುವೆಗಳಿಗೆ ಹೋಗುವಾಗ ಆಯುಧವನ್ನು ಮನೆಯಲ್ಲಿ ಭದ್ರವಾಗಿ ಬೀಗ ಹಾಕಿಡಿ. ಮನೆ ಖಾಲಿಯಿದ್ದರೆ ಲೈಸೆನ್ಸುಳ್ಳ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಿರಿ.

3. ರಾಜ್ಯದ ಗಡಿ ದಾಟಲೇಬೇಕಾಗಿದ್ದರೆ ಲೈಸೆನ್ಸಿನ ವ್ಯಾಪ್ತಿಯ ವಿಷಯವನ್ನು ಡಿ.ಸಿ. ಕಚೇರಿಯಲ್ಲಿ ಮೊದಲೇ ಇತ್ಯರ್ಥಪಡಿಸಿಕೊಳ್ಳಿ.

4. ತೋಟ ಅಭಯಾರಣ್ಯದ 10 ಕಿಲೋಮೀಟರಿನೊಳಗಿದ್ದರೆ ನೋಂದಣಿಯಾಗಿದೆಯೇ ಎಂದು ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಭ್ಯಾಸಕ್ಕೆ

ಮುಂದಿನ ಮಾಸಿಕ ಸಭೆಗೆ ಬರುವಾಗ ಸದಸ್ಯರು ಈ ಪ್ರಶ್ನೆಗಳಿಗೆ ಉತ್ತರ ಯೋಚಿಸಿಕೊಂಡು ಬರಬೇಕಾಗಿ ವಿನಂತಿ. ಬೆಳೆಗಾರನ ಮಗ ತಂದೆಯ ರಿವಾಲ್ವರನ್ನು ಹುಮನಾಬಾದಿನ ಉದ್ಯಾನಕ್ಕೆ ಒರೆಯಲ್ಲೇ ಮುಚ್ಚಿ ತಂದಿದ್ದರೆ ಅದು ಸರಿಯೇ? ಇಡೀ ಭಾರತಕ್ಕೆ ಸಲ್ಲುವ ಲೈಸೆನ್ಸಿದ್ದವನು ಬಸವ ಜಯಂತಿಯ ಮೆರವಣಿಗೆಯಲ್ಲಿ ಅದನ್ನು ಸೊಂಟದಲ್ಲಿಟ್ಟುಕೊಳ್ಳಬಹುದೇ? ಲೈಸೆನ್ಸು ಸರಿಯಿದ್ದು, ಕೋವಿ ಗವಸಿನಲ್ಲಿದ್ದು, ದಾರಿ ಮಾತ್ರ ಬಂಡೀಪುರದ ನಡುವೆ ಹೋಗುತ್ತಿದ್ದರೆ ಏನು ಮಾಡಬೇಕು?

ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಹೆಚ್ಚಿನ ವಿಷಯಗಳಲ್ಲಿ ನಗುವಿಗೆ ಕಾರಣ. ಬಂದೂಕಿನ ವಿಷಯದಲ್ಲಿ ಹಾಗಲ್ಲ. ಲೈಸೆನ್ಸು ಪುಸ್ತಕ ಓದಿ ಅರ್ಥವಾಗದಿದ್ದರೆ ಸಂಘದ ಕಚೇರಿಗೆ ತನ್ನಿ, ಕುಳಿತು ಓದೋಣ. ಬರುವಾಗ ಪುಸ್ತಕವನ್ನಷ್ಟೇ ತನ್ನಿ; ಕೋವಿ ಮನೆಯಲ್ಲೇ ಇರಲಿ.

— ಕಾರ್ಯದರ್ಶಿ