ನಾಯಿ ಯಾರ ಕಡೆ ನೋಡುತ್ತಿದೆ?

ಟ್ಯಾರೋ ಕಾರ್ಡ್ ಹಿಡಿದು 14 ವರ್ಷವಾಯಿತು. ಮೈಸೂರಿನ ನನ್ನ ಮೇಜಿನ ಮೇಲಿರುವುದು ರೈಡರ್-ವೇಟ್-ಸ್ಮಿತ್ ಕಟ್ಟು, 1909ರಲ್ಲಿ ಲಂಡನ್ನಿನಲ್ಲಿ ಹೊರಬಂದದ್ದು. ಕಲ್ಪನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, 78 ಕಾರ್ಡುಗಳ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆ ಹೆಣ್ಣುಮಗಳು ಬಿಡಿಸಿದ ಪ್ರಾಣಿಗಳೇ ನನಗೆ ಓದಲು ಕಲಿಸಿದವು.

1. ಪ್ರಾಣಿಯ ಅರ್ಥ ಆಮೇಲೆ, ಅದು ಏನು ಮಾಡುತ್ತಿದೆ ಅನ್ನೋದು ಮೊದಲು. ‘ಫೂಲ್’ ಕಾರ್ಡಿನಲ್ಲಿ ಹುಡುಗ ಮುಖ ಮೇಲೆತ್ತಿಕೊಂಡು ಪ್ರಪಾತದ ಅಂಚಿಗೆ ಬಂದಿದ್ದಾನೆ. ಪಕ್ಕದಲ್ಲಿ ಬಿಳಿ ನಾಯಿಮರಿ ಹಿಂಗಾಲ ಮೇಲೆ ಎದ್ದು ಕುಣಿಯುತ್ತಿದೆ. ಹಳೆಯ ಮಾರ್ಸೇಯ್ ಕಟ್ಟಿನಲ್ಲಿ ಇದೇ ಜಾಗದ ಪ್ರಾಣಿ ಅವನ ಕಾಲಿಗೇ ಬಾಯಿ ಹಾಕುತ್ತದೆ. ಒಂದರಲ್ಲಿ ಜೊತೆಗಾರ, ಇನ್ನೊಂದರಲ್ಲಿ ಬೆನ್ನುಹತ್ತಿದ ಕಾಟ. ‘ನಾಯಿ ಅಂದರೆ ನಿಷ್ಠೆ’ ಎಂದು ಬಾಯಿಪಾಠ ಮಾಡಿದವರು ಇಲ್ಲೇ ಎಡವುತ್ತಾರೆ.

2. ಹಾವಿನ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೇನೆ. ಶುರುವಿನ ವರ್ಷ, ಸುಳ್ಯದ ಕಡೆಯ ಹೆಂಗಸೊಬ್ಬರು ಬಂದಿದ್ದರು. ‘ಲವರ್ಸ್’ ಕಾರ್ಡ್ ಬಿತ್ತು. ಅದರಲ್ಲಿ ಹೆಣ್ಣಿನ ಹಿಂದಿನ ಮರಕ್ಕೆ ಹಾವು ಸುತ್ತಿಕೊಂಡಿದೆ. ಅದು ಬೈಬಲ್ಲಿನ ಏದೆನ್ ತೋಟದ ಹಾವು. ನಾನು ಪುಸ್ತಕದಲ್ಲಿದ್ದಂತೆ ಆಮಿಷ, ಮೋಸ ಎಂದೆಲ್ಲ ಹೇಳುತ್ತ ಹೋದೆ. ಅವರ ಬೆರಳು ಕಾರ್ಡಿನ ಮೇಲೆ ನಡುಗುತ್ತಿತ್ತು. ‘‘ಅಕ್ಕಾ, ನಾಗ ಮುನಿದಿದ್ದಾನಾ? ಮಗು ನಿಲ್ಲುತ್ತಿಲ್ಲ, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದಿದ್ದೇವೆ’’ ಎಂದರು. ನಾನು ಹೇಳಿದ್ದು ಒಂದು ಹಾವಿನ ಮಾತು, ಅವರಿಗೆ ಕೇಳಿಸಿದ್ದು ಇನ್ನೊಂದರದು. ಅವರದು ಹಾಲೆರೆಯುವ, ಕೈಮುಗಿಯುವ ಹಾವು. ಅಂದಿನಿಂದ ಹಾವಿನ ಕಾರ್ಡ್ ಬಿದ್ದಾಗ ಬಾಯಿ ಮುಚ್ಚಿಕೊಂಡು, ‘‘ನಿಮ್ಮ ಮನೆಯಲ್ಲಿ ಹಾವು ಅಂದರೇನು?’’ ಎಂದು ಕೇಳುತ್ತೇನೆ. ಉತ್ತರ ಬಂದ ಮೇಲೇ ಓದು. ಮತ್ತು ಮಗುವಿನ ಮಾತು ಬಂದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ; ಅದು ಕಾರ್ಡಿನ ಕೆಲಸ ಅಲ್ಲವೇ ಅಲ್ಲ.

3. ಹೆದರಿಸುವ ಪ್ರಾಣಿಗೆ ಅದರ ಊರಿನ ಕತೆ ಹೇಳಿ. ‘ಕಿಂಗ್ ಆಫ್ ವಾಂಡ್ಸ್’ ಪಕ್ಕದಲ್ಲಿರುವುದನ್ನು ನೋಡಿ ಎಲ್ಲರೂ ‘‘ಅಯ್ಯೋ, ಹಲ್ಲಿ!’’ ಅನ್ನುತ್ತಾರೆ, ಪಂಚಾಂಗದ ಹಲ್ಲಿ ಬೀಳುವ ಫಲ ನೆನಪಾಗುತ್ತದೆ. ಅದು ಸಾಲಮ್ಯಾಂಡರ್. ಬೆಂಕಿಯಲ್ಲೂ ಸುಡದ ಜೀವಿ ಎಂದು ಯುರೋಪಿನವರು ನಂಬಿದ್ದರು, ವಾಂಡ್ಸ್ ಅಂದರೆ ಬೆಂಕಿಗೆ ಸೇರಿದ ಕಾರ್ಡುಗಳ ಗುಂಪು, ಅದಕ್ಕೇ ಅಲ್ಲಿದೆ. ಅದೇ ಗುಂಪಿನ ರಾಣಿಯ ಕಾಲಬಳಿಯ ಕರಿಬೆಕ್ಕೂ ಯಾರ ದಾರಿಗೂ ಅಡ್ಡ ಬಂದಿಲ್ಲ. ಸುಮ್ಮನೆ ಕೂತಿದೆ.

4. ‘ವರ್ಲ್ಡ್’ ಕಾರ್ಡಿನ ಮೂಲೆಗಳಲ್ಲಿ ಮನುಷ್ಯ, ಹದ್ದು, ಎತ್ತು, ಸಿಂಹ. ಕ್ರೈಸ್ತರಿಗೆ ನಾಲ್ವರು ಸುವಾರ್ತೆಕಾರರು, ಜ್ಯೋತಿಷ್ಯದಲ್ಲಿ ಕುಂಭ, ವೃಶ್ಚಿಕ, ವೃಷಭ, ಸಿಂಹ. ರಾಶಿ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳುವ ಕಷ್ಟವೇ ಇಲ್ಲ.

5. ಸಣ್ಣ ಜೀವಿಯನ್ನು ಬಿಡಬಾರದು. ‘ಮೂನ್’ ಕಾರ್ಡಿನಲ್ಲಿ ನಾಯಿ, ತೋಳ ಎರಡೂ ಚಂದ್ರನತ್ತ ಮೂತಿ ಎತ್ತಿವೆ. ಎಲ್ಲರ ಕಣ್ಣೂ ಅವುಗಳ ಮೇಲೆ. ಕೆಳಗೆ ಕೊಳದಿಂದ, ಏಡಿಯಂಥ ಕೊಂಡಿ, ಸಿಗಡಿಯಂಥ ಮೈಯ ಜೀವಿಯೊಂದು ದಡ ಹತ್ತುತ್ತಿದೆ. ಬಂದವರು ಹೇಳದೇ ಉಳಿಸಿಕೊಂಡ ಮಾತನ್ನು ನಾನು ಅಲ್ಲಿ ಹುಡುಕುತ್ತೇನೆ. ‘ನೈನ್ ಆಫ್ ಪೆಂಟಕಲ್ಸ್’ ಹೆಂಗಸಿನ ಕೈಮೇಲಿನ ಡೇಗೆಗೆ ಕಣ್ಣು ಮುಚ್ಚುವ ಟೋಪಿ ಹಾಕಿದೆ, ಕಾಲಬಳಿ ಬಸವನಹುಳು ತೆವಳುತ್ತಿದೆ. ದ್ರಾಕ್ಷಿತೋಟ, ಸಿರಿತನ ಎಂದಷ್ಟೇ ಹೇಳಿ ಮುಗಿಸಿದರೆ ಈ ಎರಡಕ್ಕೂ ಅನ್ಯಾಯ.

6. ಕೆಲವೊಮ್ಮೆ ಬಂದವರೇ ಓದುತ್ತಾರೆ, ಬಿಡಿ. ‘ಟೆನ್ ಆಫ್ ಪೆಂಟಕಲ್ಸ್’ ಅಂದರೆ ತುಂಬಿದ ಮನೆ, ತಲೆಮಾರಿನ ಆಸ್ತಿ. ಕಳೆದ ಮಳೆಗಾಲದಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರಿಗೆ ಅದು ಬಿತ್ತು. ಚಿತ್ರದಲ್ಲಿ ಮುದುಕ ಒಂದು ಬದಿಗೆ ಕೂತಿದ್ದಾನೆ, ಗಂಡು ಹೆಣ್ಣು ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಿದ್ದಾರೆ, ಎರಡು ಬಿಳಿ ನಾಯಿಗಳು ಅವನ ಬಳಿ ಬಂದಿವೆ. ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘‘ನೋಡಮ್ಮ, ಮನೆಯವರಿಗೆ ಇವನು ಕಾಣಿಸಿಲ್ಲ. ನಾಯಿಗೆ ಕಾಣಿಸಿದ್ದಾನೆ’’ ಎಂದರು. ನಾನು ಮುಂದಿನ ಕಾರ್ಡ್ ತಿರುಗಿಸಲಿಲ್ಲ. ಆಮೇಲೆ ಒಂದು ಗಂಟೆ ಅವರು ಮಗನ ಬಗ್ಗೆ ಮಾತಾಡಿದರು, ನಾನು ಕೇಳಿಸಿಕೊಂಡೆ.